ಸರ್ವರ್‌ನಿಂದ ಸರ್ವರ್‌ಗೆ ಫೈಲ್ ಸಾಗಿಸುವಾಗ ಪರ್ಮಿಷನ್ ಉಳಿಸಿಕೊಳ್ಳುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಪೀಣ್ಯದ ಕಾರ್ಖಾನೆಯಾಗಲಿ, ಜಯನಗರದ ಆಡಿಟರ್ ಕಚೇರಿಯಾಗಲಿ, ಒಂದೇ ಒಂದು ಫೈಲ್ ಸರ್ವರ್ ಮೇಲೆ ಇಡೀ ಆಫೀಸು ನಡೆಯುವ ಜಾಗಗಳು ಬೆಂಗಳೂರಿನಲ್ಲಿ ಲೆಕ್ಕವಿಲ್ಲದಷ್ಟಿವೆ. ವಿಂಡೋಸ್ ಸರ್ವರ್ 2012 ಆರ್2ಗೆ ಮೈಕ್ರೋಸಾಫ್ಟ್ ಬೆಂಬಲ 2023ರ ಅಕ್ಟೋಬರ್ 10ಕ್ಕೆ ನಿಂತಿತು. 2016ರ ಆವೃತ್ತಿಯ ಗಡುವು 2027ರ ಜನವರಿ 12. ಹಾಗಾಗಿ ಸರ್ವರ್ ಬದಲಿಸುವ ಕೆಲಸ ಈಗ ಎಲ್ಲ ಕಡೆ ನಡೆದಿದೆ. ಫೈಲು ಸಾಗಿಸುವುದು ಸುಲಭ, ಯಾರು ಯಾವುದನ್ನು ನೋಡಬಹುದು ಎಂಬುದನ್ನು ಅದರ ಜೊತೆಗೇ ಸಾಗಿಸುವುದು ಕಷ್ಟ. ಈ ಪುಟ ಆ ಎರಡನೆಯ ಕೆಲಸದ ಬಗ್ಗೆ.

ಕಮಾಂಡುಗಳನ್ನು ಉಚ್ಚಾರಣೆಯಂತೆ ಕನ್ನಡದಲ್ಲಿ ಬರೆದಿದ್ದೇವೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳನ್ನೇ ಬಳಸಬೇಕು.

ಎಕ್ಸ್‌ಪ್ಲೋರರ್‌ನಲ್ಲಿ ಕಾಪಿ-ಪೇಸ್ಟ್ ಮಾಡಿದರೆ ಪರ್ಮಿಷನ್ ಏಕೆ ಹೋಗುತ್ತದೆ?

ಕಾಪಿ ಎಂದರೆ ಹೊಸ ಜಾಗದಲ್ಲಿ ಹೊಸ ಫೈಲು ಹುಟ್ಟುವುದು. ಹೊಸ ಫೈಲು ತಾನು ಹುಟ್ಟಿದ ಫೋಲ್ಡರಿನ ಪರ್ಮಿಷನ್ನನ್ನೇ ಪಡೆಯುತ್ತದೆ, ಹಳೆಯದನ್ನಲ್ಲ. ಹಳೆ ಸರ್ವರ್‌ನಲ್ಲಿ ಇಬ್ಬರಿಗೆ ಮಾತ್ರ ತೆರೆದಿದ್ದ ‘ಸಂಬಳ’ ಫೋಲ್ಡರು, ಹೊಸ ಸರ್ವರ್‌ನಲ್ಲಿ ಎಲ್ಲರಿಗೂ ಓದಲು ಬಿಟ್ಟಿರುವ ಫೋಲ್ಡರಿನೊಳಗೆ ಬಿದ್ದರೆ ಎಲ್ಲರಿಗೂ ಕಾಣುತ್ತದೆ. ಯಾವ ಎಚ್ಚರಿಕೆಯ ಸಂದೇಶವೂ ಬರುವುದಿಲ್ಲ. ಅಪಾಯ ಇರುವುದು ಅಲ್ಲೇ. ಫೈಲು ಸಿಗದವರು ತಕ್ಷಣ ಫೋನ್ ಮಾಡುತ್ತಾರೆ, ಸಿಗಬಾರದ್ದು ಸಿಕ್ಕವರು ಮಾಡುವುದಿಲ್ಲ.

ಒಂದೇ ಡ್ರೈವ್‌ನೊಳಗೆ ಕಟ್-ಪೇಸ್ಟ್ ಮಾಡಿದರೆ ಮಾತ್ರ ಹಳೆ ಪರ್ಮಿಷನ್ ಉಳಿಯುತ್ತದೆ. ಡ್ರೈವ್ ಬದಲಾದರೆ ಕಟ್ ಕೂಡ ಕಾಪಿಯೇ.

ರೋಬೋಕಾಪಿ ಬಳಸಿದರೆ ಸಾಕಲ್ಲವೇ?

ರೋಬೋಕಾಪಿ ವಿಂಡೋಸ್‌ನಲ್ಲೇ ಇರುವ ಕಾಪಿ ಕಮಾಂಡ್, ಆದರೆ ಬರೀ ಅದು ಸಾಲದು. ಏನೂ ಹೇಳದೆ ಓಡಿಸಿದರೆ ಅದು ಫೈಲಿನ ವಿಷಯ, ಆಟ್ರಿಬ್ಯೂಟ್, ಸಮಯ ಈ ಮೂರನ್ನು ಮಾತ್ರ ಒಯ್ಯುತ್ತದೆ. ಪರ್ಮಿಷನ್ ಬೇಕೆಂದು ನಾವೇ ಹೇಳಬೇಕು. ಹೊಸ ಸರ್ವರ್‌ನಲ್ಲಿ ಕೂತು, ಕಮಾಂಡ್ ಪ್ರಾಂಪ್ಟನ್ನು ‘ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್’ ಎಂದು ತೆರೆದು, ಹಳೆಯದರಿಂದ ಎಳೆದುಕೊಳ್ಳುವ ರೀತಿ ಇದು:

ರೋಬೋಕಾಪಿ \\ಹಳೆಸರ್ವರ್\ಡಿ$\ಕಚೇರಿ ಇ:\ಕಚೇರಿ /ಎಂಐಆರ್ /ಕಾಪಿ:ಡಿಎಟಿಎಸ್ಒ /ಡಿಕಾಪಿ:ಡಿಎಟಿ /ಬಿ /ಆರ್:1 /ಡಬ್ಲ್ಯು:1 /ಎಂಟಿ:16 /ಎಕ್ಸ್‌ಜೆ /ಯುನಿಲಾಗ್:ಇ:\ಲಾಗ್\ಸುತ್ತು1.ಟಿಎಕ್ಸ್‌ಟಿ

‘ಡಿಎಟಿಎಸ್ಒ’ದಲ್ಲಿ ಎಸ್ ಎಂದರೆ ಪರ್ಮಿಷನ್ ಪಟ್ಟಿ, ಒ ಎಂದರೆ ಫೈಲಿನ ಒಡೆತನ. ಇವುಗಳ ಜೊತೆ ಆಡಿಟ್ ಮಾಹಿತಿಯೂ (ಯಾರು ಯಾವ ಫೈಲು ತೆರೆದರು ಎಂದು ದಾಖಲಿಸುವ ಸೆಟ್ಟಿಂಗ್) ಬೇಕಿದ್ದರೆ /ಕಾಪಿಆಲ್ ಹಾಕಬೇಕು. ಆದರೆ ಅದಕ್ಕೆ ‘ಮ್ಯಾನೇಜ್ ಆಡಿಟಿಂಗ್’ ಹಕ್ಕು ಇರಬೇಕು, ಇಲ್ಲದಿದ್ದರೆ ಕೆಲಸ ಶುರುವಾಗುವ ಮೊದಲೇ ನಿಲ್ಲುತ್ತದೆ. ಆಡಿಟ್ ಬಳಸದ ಆಫೀಸಿಗೆ ಮೇಲಿನದೇ ಸಾಕು. /ಡಿಕಾಪಿಯಲ್ಲಿ ಟಿ ಸೇರಿಸದಿದ್ದರೆ ಎಲ್ಲ ಫೋಲ್ಡರುಗಳ ತಾರೀಕೂ ಸಾಗಿಸಿದ ದಿನದ್ದೇ ಆಗಿಬಿಡುತ್ತದೆ.

/ಬಿ ಎಂದರೆ ಬ್ಯಾಕಪ್ ಮೋಡ್. ಅಡ್ಮಿನಿಸ್ಟ್ರೇಟರ್‌ಗೂ ಬಾಗಿಲು ಮುಚ್ಚಿರುವ ಫೋಲ್ಡರುಗಳಿದ್ದರೆ (ಮಾಲೀಕರ ಸ್ವಂತ ಫೋಲ್ಡರು ಹೆಚ್ಚಾಗಿ ಹೀಗಿರುತ್ತದೆ) ಅವುಗಳ ಪರ್ಮಿಷನ್ ಮುಟ್ಟದೆಯೇ ಓದಲು ಇದು ಬೇಕು. ‘ಆಕ್ಸೆಸ್ ಡಿನೈಡ್’ ಬಂತೆಂದು ಒಡೆತನವನ್ನು ನಿಮ್ಮ ಹೆಸರಿಗೆ ಮಾಡಿಕೊಳ್ಳಬೇಡಿ. ಉಳಿಸಬೇಕಾದದ್ದನ್ನು ಸಾಗಿಸುವ ಮೊದಲೇ ಅಳಿಸಿದ ಹಾಗಾಗುತ್ತದೆ.

/ಆರ್ ಮತ್ತು /ಡಬ್ಲ್ಯು ಮರೆತರೆ ಏನಾಗುತ್ತದೆ ನೋಡಿ: ತೆರೆಯಲಾಗದ ಒಂದು ಫೈಲಿಗಾಗಿ ರೋಬೋಕಾಪಿ 30 ಸೆಕೆಂಡಿಗೊಮ್ಮೆಯಂತೆ 10 ಲಕ್ಷ ಸಲ ಪ್ರಯತ್ನಿಸುತ್ತದೆ. ರಾತ್ರಿ ಬಿಟ್ಟು ಹೋದ ಕೆಲಸ ಬೆಳಿಗ್ಗೆಯೂ ಅದೇ ಫೈಲಿನ ಮುಂದೆ ನಿಂತಿರುತ್ತದೆ.

/ಎಂಐಆರ್ ಬಗ್ಗೆ ಬಹಳ ಎಚ್ಚರ ಬೇಕು. ಮೂಲದಲ್ಲಿ ಇಲ್ಲದ್ದನ್ನೆಲ್ಲ ಅದು ಗುರಿಯಲ್ಲಿ ಅಳಿಸುತ್ತದೆ. ಎರಡು ವಿಳಾಸ ಅದಲು ಬದಲಾದರೆ ಖಾಲಿ ಹೊಸ ಡ್ರೈವ್ ನೋಡಿಕೊಂಡು ಹಳೆ ಡೇಟಾ ಅಳಿದುಹೋಗುತ್ತದೆ. ಮೊದಲ ಸಲ ಕೊನೆಯಲ್ಲಿ /ಎಲ್ ಸೇರಿಸಿ ಓಡಿಸಿ. ಏನೂ ಮಾಡದೆ, ಏನು ಮಾಡಲಿದ್ದೇನೆ ಎಂದಷ್ಟೇ ಅದು ಪಟ್ಟಿ ಕೊಡುತ್ತದೆ. ಜನ ಹೊಸ ಸರ್ವರ್‌ನಲ್ಲಿ ಕೆಲಸ ಶುರು ಮಾಡಿದ ಮೇಲಂತೂ ಈ ಕಮಾಂಡನ್ನು ಮತ್ತೆ ಓಡಿಸಲೇಬಾರದು, ಅವರು ಆವತ್ತು ಮಾಡಿದ ಫೈಲುಗಳೆಲ್ಲ ಹೋಗುತ್ತವೆ.

ಇಡೀ ಡಿ ಡ್ರೈವನ್ನೇ ಕಾಪಿ ಮಾಡಿದೆವು. ಈಗ ಹೊಸ ಸರ್ವರ್‌ನಲ್ಲಿ ಆ ಫೋಲ್ಡರೇ ಕಾಣುತ್ತಿಲ್ಲ!

ಫೋಲ್ಡರು ಅಲ್ಲೇ ಇದೆ. ಡ್ರೈವಿನ ಬೇರಿಗೆ (ರೂಟ್, ಅಂದರೆ ಡಿ:\) ಹಿಡನ್ ಮತ್ತು ಸಿಸ್ಟಂ ಆಟ್ರಿಬ್ಯೂಟ್ ಇರುತ್ತವೆ, ಅವೂ ಗುರಿಯ ಫೋಲ್ಡರಿಗೆ ಬಂದುಬಿಟ್ಟಿವೆ. ‘ಆಟ್ರಿಬ್ -ಎಸ್ -ಎಚ್ ಇ:\ಕಚೇರಿ’ ಎಂದರೆ ಕಾಣಿಸಿಕೊಳ್ಳುತ್ತದೆ. ಡ್ರೈವಿನ ಬೇರನ್ನು ಸಾಗಿಸುವಾಗ ‘ಸಿಸ್ಟಂ ವಾಲ್ಯೂಮ್ ಇನ್ಫರ್ಮೇಷನ್’ ಮತ್ತು ರೀಸೈಕಲ್ ಬಿನ್ ಫೋಲ್ಡರುಗಳನ್ನು /ಎಕ್ಸ್‌ಡಿ ಹಾಕಿ ಬಿಡಬೇಕು. ಇನ್ನೊಂದು ವಿಷಯ: "ಡಿ:\" ಎಂದು ಉದ್ಧರಣ ಚಿಹ್ನೆಯೊಳಗೆ ಬರೆದರೆ ಕೊನೆಯ ಬ್ಯಾಕ್‌ಸ್ಲ್ಯಾಶ್ ಆ ಚಿಹ್ನೆಯನ್ನೇ ನುಂಗಿ ಇಡೀ ಕಮಾಂಡ್ ಕೆಡುತ್ತದೆ. ಚಿಹ್ನೆ ಇಲ್ಲದೆ ಡಿ:\ ಎಂದಷ್ಟೇ ಬರೆಯಿರಿ.

ಹೆಸರಿನ ಜಾಗದಲ್ಲಿ ಎಸ್-1-5-21 ಎಂದು ಉದ್ದನೆಯ ಸಂಖ್ಯೆ ಕಾಣುತ್ತಿದೆ. ಇದೇನು?

ಎಲ್ಲರೂ ಎಡವುವುದು ಇಲ್ಲೇ. ಫೈಲಿನ ಮೇಲೆ ‘ಅಕೌಂಟ್ಸ್ ವಿಭಾಗ’ ಎಂದು ಬರೆದಿರುವುದಿಲ್ಲ. ಆ ಗುಂಪಿನ ಎಸ್‌ಐಡಿ ಎಂಬ ಸಂಖ್ಯೆ ಬರೆದಿರುತ್ತದೆ, ತೋರಿಸುವಾಗ ವಿಂಡೋಸ್ ಅದನ್ನು ಹೆಸರಾಗಿ ಬದಲಿಸುತ್ತದೆ. ಡೊಮೇನ್‌ನಲ್ಲಿ (ಆಫೀಸಿನ ಎಲ್ಲರ ಲಾಗಿನ್ ಒಂದೇ ಕಡೆ ಇಡುವ ವ್ಯವಸ್ಥೆ) ಮಾಡಿದ ಗುಂಪಾದರೆ ಎಸ್‌ಐಡಿ ಡೊಮೇನಿನದು, ಅದೇ ಡೊಮೇನಿನ ಯಾವ ಸರ್ವರ್‌ಗೆ ಹೋದರೂ ಅರ್ಥವಾಗುತ್ತದೆ. ಹಳೆ ಸರ್ವರ್‌ನಲ್ಲೇ ಸ್ಥಳೀಯವಾಗಿ ಮಾಡಿದ ಗುಂಪಾದರೆ ಆ ಸಂಖ್ಯೆ ಆ ಯಂತ್ರಕ್ಕಷ್ಟೇ ಗೊತ್ತು. ಹೊಸ ಸರ್ವರ್‌ನಲ್ಲಿ ಅದೇ ಹೆಸರಿನ ಗುಂಪು ಮಾಡಿದರೂ ಅದಕ್ಕೆ ಬೇರೆ ಸಂಖ್ಯೆ ಸಿಗುತ್ತದೆ, ಫೈಲು ಮಾತ್ರ ಹಳೆ ಸಂಖ್ಯೆಯನ್ನೇ ಹುಡುಕುತ್ತಿರುತ್ತದೆ. ಆದರೆ ಬಿಲ್ಟ್-ಇನ್ ಅಡ್ಮಿನಿಸ್ಟ್ರೇಟರ್ಸ್ ಗುಂಪಿನ ಸಂಖ್ಯೆ (ಎಸ್-1-5-32-544) ಎಲ್ಲ ವಿಂಡೋಸ್ ಯಂತ್ರಗಳಲ್ಲೂ ಒಂದೇ. ಅದಕ್ಕೇ ಅಡ್ಮಿನ್‌ಗೆ ಎಲ್ಲವೂ ತೆರೆಯುತ್ತದೆ, ಉಳಿದವರಿಗೆ ತೆರೆಯುವುದಿಲ್ಲ.

ಡೊಮೇನ್ ಇಲ್ಲದ ಸಣ್ಣ ಆಫೀಸುಗಳಲ್ಲಿ ಎಲ್ಲ ಗುಂಪುಗಳೂ ಸ್ಥಳೀಯವೇ. ಅಲ್ಲಿ ಕೆಲಸ ಹೀಗೆ ಸಾಗಬೇಕು. ಮೊದಲು ಹೊಸ ಸರ್ವರ್‌ನಲ್ಲಿ ಅದೇ ಹೆಸರಿನ ಯೂಸರ್, ಗುಂಪುಗಳನ್ನು ಮಾಡಿ. ಎರಡೂ ಕಡೆಯ ಎಸ್‌ಐಡಿಗಳನ್ನು ಒಂದು ಎಕ್ಸೆಲ್ ಹಾಳೆಯಲ್ಲಿ ಅಕ್ಕಪಕ್ಕ ಬರೆದಿಟ್ಟುಕೊಳ್ಳಿ. ಫೈಲುಗಳನ್ನು ಸಾಗಿಸಿ. ಆಮೇಲೆ ಹಳೆ ಸರ್ವರ್‌ನಲ್ಲಿ, ಪರ್ಮಿಷನ್ ನೋಡುವ, ಬದಲಿಸುವ ವಿಂಡೋಸ್‌ನ ಐಕ್ಯಾಕಲ್ಸ್ ಕಮಾಂಡಿನಿಂದ

ಐಕ್ಯಾಕಲ್ಸ್ ಡಿ:\ಕಚೇರಿ /ಸೇವ್ ಸಿ:\ಪಟ್ಟಿ.ಟಿಎಕ್ಸ್‌ಟಿ /ಟಿ /ಸಿ

ಎಂದು ಪರ್ಮಿಷನ್ ಪಟ್ಟಿ ತೆಗೆದು, ಆ ಫೈಲನ್ನು ಹೊಸ ಸರ್ವರ್‌ಗೆ ತಂದು

ಐಕ್ಯಾಕಲ್ಸ್ ಇ:\ /ಸಬ್‌ಸ್ಟಿಟ್ಯೂಟ್ *ಹಳೆ-ಎಸ್‌ಐಡಿ *ಹೊಸ-ಎಸ್‌ಐಡಿ /ರೆಸ್ಟೋರ್ ಸಿ:\ಪಟ್ಟಿ.ಟಿಎಕ್ಸ್‌ಟಿ

ಎಂದು ಹಾಕಿ. ಎಷ್ಟು ಗುಂಪುಗಳಿವೆಯೋ ಅಷ್ಟು ಜೋಡಿಗಳನ್ನು ಒಂದೇ ಸಾಲಿನಲ್ಲಿ ಕೊಡಬಹುದು. ಸಂಖ್ಯೆಯ ಮುಂದೆ ನಕ್ಷತ್ರ ಚಿಹ್ನೆ ಇರಲೇಬೇಕು. ಗಮನಿಸಿ, ಸೇವ್ ಮಾಡಿದ್ದು ‘ಕಚೇರಿ’ ಫೋಲ್ಡರನ್ನು, ರೆಸ್ಟೋರ್ ಮಾಡುವುದು ಅದರ ಮೇಲಿನ ಇ:\ಗೆ. ಪಟ್ಟಿಯೊಳಗಿನ ದಾರಿಗಳು ‘ಕಚೇರಿ’ಯಿಂದಲೇ ಶುರುವಾಗುತ್ತವೆ. ಇ:\ಕಚೇರಿಗೆ ರೆಸ್ಟೋರ್ ಮಾಡಹೋದರೆ ಅದು ಇ:\ಕಚೇರಿ\ಕಚೇರಿಯನ್ನು ಹುಡುಕಿ ‘ಸಿಗಲಿಲ್ಲ’ ಎನ್ನುತ್ತದೆ. ಆ ಪಟ್ಟಿಯನ್ನು ಎಡಿಟರ್‌ನಲ್ಲಿ ತೆಗೆದು ತಿದ್ದಿ ಸೇವ್ ಮಾಡಲೂ ಹೋಗಬೇಡಿ. ಎನ್‌ಕೋಡಿಂಗ್ ಬದಲಾದರೆ ಐಕ್ಯಾಕಲ್ಸ್ ಅದನ್ನು ಓದುವುದಿಲ್ಲ. ಐಕ್ಯಾಕಲ್ಸ್ ಪಟ್ಟಿಯಲ್ಲಿ ಒಡೆತನ ಇರುವುದಿಲ್ಲ ಎಂಬುದೂ ನೆನಪಿರಲಿ.

ಫೋಲ್ಡರ್ ಪರ್ಮಿಷನ್ ಎಲ್ಲ ಸರಿ ಇದೆ, ಆದರೂ ಯಾರಿಗೂ ಸೇವ್ ಮಾಡಲು ಆಗುತ್ತಿಲ್ಲ. ಏಕೆ?

ಶೇರ್ ಪರ್ಮಿಷನ್ (ನೆಟ್‌ವರ್ಕಿನ ಮೂಲಕ ಬರುವವರಿಗೆ ಇರುವ ಪರ್ಮಿಷನ್) ನೋಡಿ. ಅದು ಫೈಲಿನ ಮೇಲೆ ಇರುವುದಿಲ್ಲ, ಸರ್ವರ್‌ನ ರಿಜಿಸ್ಟ್ರಿಯಲ್ಲಿರುತ್ತದೆ. ಆದ್ದರಿಂದ ಯಾವ ಕಾಪಿಯೂ ಅದನ್ನು ಒಯ್ಯುವುದಿಲ್ಲ. ಹೊಸದಾಗಿ ಶೇರ್ ಮಾಡಿದಾಗ ‘ಎವ್ರಿವನ್ – ರೀಡ್’ ಎಂದಷ್ಟೇ ಇರುವುದು ಸಾಮಾನ್ಯ. ಶೇರ್ ಮತ್ತು ಫೋಲ್ಡರ್ ಎರಡರಲ್ಲಿ ಯಾವುದು ಬಿಗಿಯೋ ಅದೇ ಗೆಲ್ಲುವುದರಿಂದ ಎಲ್ಲರೂ ಓದಬಹುದು, ಯಾರೂ ಬರೆಯಲಾಗದು.

ಶೇರುಗಳು ನಾಲ್ಕೈದೇ ಇದ್ದರೆ ಕೈಯಲ್ಲೇ ಮಾಡಿಬಿಡಿ. ಹೆಚ್ಚಿದ್ದರೆ ರಿಜಿಸ್ಟ್ರಿಯಲ್ಲಿ ಸರ್ವಿಸಸ್ ಕೆಳಗಿನ ಲ್ಯಾನ್‌ಮ್ಯಾನ್‌ಸರ್ವರ್, ಅದರೊಳಗಿನ ಶೇರ್ಸ್ ಕೀಯನ್ನು ಎಕ್ಸ್‌ಪೋರ್ಟ್ ಮಾಡಿ, ಹೊಸ ಸರ್ವರ್‌ನಲ್ಲಿ ಇಂಪೋರ್ಟ್ ಮಾಡಿ, ‘ಸರ್ವರ್’ ಸರ್ವಿಸನ್ನು ರೀಸ್ಟಾರ್ಟ್ ಮಾಡಿ. ಡ್ರೈವ್ ಅಕ್ಷರ ಎರಡೂ ಕಡೆ ಒಂದೇ ಇದ್ದರೆ ಮಾತ್ರ ಇದು ನೇರವಾಗಿ ಕೆಲಸ ಮಾಡುತ್ತದೆ. ಡಿ ಹೋಗಿ ಇ ಆಗಿದ್ದರೆ ಶೇರು ಗಾಳಿಯಲ್ಲಿ ನಿಲ್ಲುತ್ತದೆ. ಸಾಧ್ಯವಿದ್ದರೆ ಹೊಸ ಸರ್ವರ್‌ನಲ್ಲೂ ಡಿ ಅಕ್ಷರವನ್ನೇ ಕೊಡಿ, ಬಹಳ ತಲೆನೋವು ತಪ್ಪುತ್ತದೆ. ‘ಪರ್ಮಿಷನ್ ಇಲ್ಲದ ಫೋಲ್ಡರು ಕಾಣಿಸದಿರಲಿ’ ಎಂಬ ಆಕ್ಸೆಸ್-ಬೇಸ್ಡ್ ಎನ್ಯೂಮರೇಷನ್ ಕೂಡ ಶೇರಿನ ಸೆಟ್ಟಿಂಗೇ. ಕೈಯಲ್ಲಿ ಶೇರ್ ಮಾಡಿದವರು ಅದನ್ನು ಮತ್ತೆ ಹಾಕಬೇಕು. ಫೋಲ್ಡರ್ ಕೋಟಾ ಇಟ್ಟಿದ್ದರೆ ಅದನ್ನೂ ಅಷ್ಟೇ.

ಎಲ್ಲ ಸರಿ ಇತ್ತು, ಒಂದು ವಾರದ ಮೇಲೆ ಪರ್ಮಿಷನ್ ತಾನಾಗಿ ಬದಲಾಯಿತು!

ತಾನಾಗಿ ಬದಲಾಗಿಲ್ಲ. ಹಳೆ ‘ಕಚೇರಿ’ ಫೋಲ್ಡರು ಡಿ ಡ್ರೈವಿನ ಬೇರಿನಿಂದ ಇನ್‌ಹೆರಿಟ್ ಆದ ಸಾಲುಗಳನ್ನು ಹೊತ್ತು ಬಂದಿತ್ತು. ಹೊಸ ಡ್ರೈವಿನ ಬೇರಿನಲ್ಲಿ ಆ ಸಾಲುಗಳಿಲ್ಲ. ಯಾರಾದರೂ ಮೇಲಿನ ಹಂತದಲ್ಲಿ ಒಂದು ಪರ್ಮಿಷನ್ ತಿದ್ದಿದ ಕೂಡಲೇ ವಿಂಡೋಸ್ ಇನ್‌ಹೆರಿಟೆನ್ಸನ್ನು ಮತ್ತೆ ಲೆಕ್ಕ ಹಾಕಿ, ಹೊಸ ಬೇರಿನ ಸಾಲುಗಳನ್ನು ಕೆಳಗೆಲ್ಲ ಹರಿಸುತ್ತದೆ. ಇದನ್ನು ತಪ್ಪಿಸಲು ಸಾಗಿಸುವ ಮೊದಲೇ ಹಳೆ ಸರ್ವರ್‌ನಲ್ಲಿ ‘ಐಕ್ಯಾಕಲ್ಸ್ ಡಿ:\ಕಚೇರಿ /ಇನ್‌ಹೆರಿಟೆನ್ಸ್:ಡಿ’ ಓಡಿಸಿ. ಮೇಲಿನ ಕೊಂಡಿ ಕಡಿದು, ಬಂದಿದ್ದ ಸಾಲುಗಳು ಆ ಫೋಲ್ಡರಿನ ಸ್ವಂತದ್ದಾಗಿ ಉಳಿಯುತ್ತವೆ. ಇದು ತಲೆಯ ಫೋಲ್ಡರಿಗೆ ಮಾತ್ರ ಸಾಕು, ಒಳಗಿನವುಗಳ ಇನ್‌ಹೆರಿಟೆನ್ಸ್ ಮುಟ್ಟಬೇಡಿ. ಇಲ್ಲಿ ಡಿ ಬದಲು ಆರ್ ಹಾಕಿದರೆ ಇನ್‌ಹೆರಿಟ್ ಆದ ಸಾಲುಗಳೆಲ್ಲ ಅಳಿಯುತ್ತವೆ, ಜೋಪಾನ.

ಮೊದಲ ಸುತ್ತು ಮುಗಿದ ಮೇಲೆ ಹಳೆ ಸರ್ವರ್‌ನಲ್ಲಿ ಪರ್ಮಿಷನ್ ಬದಲಿಸಿದೆವು. ಎರಡನೇ ಸುತ್ತಿನಲ್ಲಿ ಬರುತ್ತದೆಯೇ?

ಬರುತ್ತದೆ ಎಂದು ನಂಬಿ ಕೂರಬೇಡಿ. ಫೈಲಿನ ಗಾತ್ರ, ಸಮಯ ಬದಲಾಗದಿದ್ದರೆ ರೋಬೋಕಾಪಿ ಅದನ್ನು ಬಿಟ್ಟು ಮುಂದೆ ಹೋಗುತ್ತದೆ, ಪರ್ಮಿಷನ್ ಬದಲಾದದ್ದು ಅದಕ್ಕೆ ಲೆಕ್ಕಕ್ಕಿಲ್ಲ. ಕೊನೆಯ ಸುತ್ತಿನಲ್ಲಿ /ಸೆಕ್‌ಫಿಕ್ಸ್ ಸೇರಿಸಿದರೆ ಬಿಟ್ಟುಹೋದ ಫೈಲುಗಳ ಪರ್ಮಿಷನ್ನನ್ನೂ ಸರಿಪಡಿಸುತ್ತದೆ. ಒಂದೊಂದು ಫೈಲನ್ನೂ ಮುಟ್ಟುವುದರಿಂದ ನಿಧಾನ, ಅದಕ್ಕೆ ಸಮಯ ಎತ್ತಿಡಿ. ಐಕ್ಯಾಕಲ್ಸ್‌ನಿಂದ ಎಸ್‌ಐಡಿ ಬದಲಿಸಿದ ಮೇಲೆ ಇದನ್ನು ಓಡಿಸಿದರೆ ಹಳೆ ಸಂಖ್ಯೆಗಳೇ ಮರಳಿ ಬರುತ್ತವೆ. ಆದ್ದರಿಂದ ರೋಬೋಕಾಪಿಯ ಎಲ್ಲ ಸುತ್ತೂ ಮುಗಿದ ನಂತರವೇ ಐಕ್ಯಾಕಲ್ಸ್.

ಎಷ್ಟು ಹೊತ್ತು ಬೇಕು? ಯಾವ ದಿನ ಮಾಡಬೇಕು?

1 ಗಿಗಾಬಿಟ್ ನೆಟ್‌ವರ್ಕಿನಲ್ಲಿ ದೊಡ್ಡ ಫೈಲುಗಳಾದರೆ ಸೆಕೆಂಡಿಗೆ ಸುಮಾರು 110 ಎಂಬಿ ಸಿಗುತ್ತದೆ, 1 ಟಿಬಿಗೆ ಎರಡೂವರೆ ಗಂಟೆ. ಮಧ್ಯೆ ಹಳೆಯ 100 ಮೆಗಾಬಿಟ್ ಸ್ವಿಚ್ ಒಂದಿದ್ದರೂ ಅದೇ 1 ಟಿಬಿಗೆ 25 ಗಂಟೆ ಹಿಡಿಯುತ್ತದೆ. ಕೆಲಸಕ್ಕೆ ಮೊದಲು ಎರಡೂ ಸರ್ವರ್‌ಗಳ ಲಿಂಕ್ ವೇಗ ನೋಡಿಕೊಳ್ಳಿ. ಬೇಕಾದರೆ ಎಸ್.ಪಿ. ರಸ್ತೆಯಿಂದ ಒಂದು ಗಿಗಾಬಿಟ್ ಸ್ವಿಚ್ಚು, ಎರಡು ಕ್ಯಾಟ್-6 ಕೇಬಲ್ ತಂದು ಎರಡನ್ನೂ ಅದಕ್ಕೇ ಸಿಕ್ಕಿಸಿ. ಸ್ಕ್ಯಾನ್ ಮಾಡಿದ ಬಿಲ್ಲು, ವೋಚರ್‌ನಂಥ ಲಕ್ಷಾಂತರ ಸಣ್ಣ ಫೈಲುಗಳಿದ್ದರೆ ಈ ಲೆಕ್ಕ ನಡೆಯುವುದಿಲ್ಲ, ವೇಗ ಬಹಳ ಇಳಿಯುತ್ತದೆ. ಆಗ /ಎಂಟಿ (ಏಕಕಾಲಕ್ಕೆ ಎಷ್ಟು ಎಳೆಗಳಲ್ಲಿ ಸಾಗಿಸಬೇಕು ಎಂಬ) ಸಂಖ್ಯೆ ಏರಿಸಿ ನೋಡಬಹುದು, 128ರವರೆಗೂ ಹೋಗುತ್ತದೆ.

ಮೊದಲ ಸುತ್ತನ್ನು ವಾರ ಮುಂಚೆ, ರಾತ್ರಿ ಹೊತ್ತು ಮುಗಿಸಿ. ಆಮೇಲಿನ ಸುತ್ತುಗಳಲ್ಲಿ ಬದಲಾದದ್ದು ಮಾತ್ರ ಬರುತ್ತದೆ. ಕೊನೆಯ ಸುತ್ತು ಶನಿವಾರ ಸಂಜೆ, ಹಳೆ ಶೇರುಗಳನ್ನು ಓದಲು ಮಾತ್ರ ಎಂದು ಬದಲಿಸಿದ ಮೇಲೆ. ಅಕೌಂಟ್ಸ್ ಇರುವ ಆಫೀಸಾದರೆ ಜಿಎಸ್‌ಟಿಆರ್-1ರ 11ನೇ ತಾರೀಕು, 3ಬಿಯ 20ನೇ ತಾರೀಕಿನ ಹಿಂದಿನ ವಾರಾಂತ್ಯಗಳು ಬೇಡವೇ ಬೇಡ. ಆಯುಧಪೂಜೆ, ವಿಜಯದಶಮಿಯ ಜೋಡಿ ರಜೆ ಇದಕ್ಕೆ ಒಳ್ಳೆಯ ಸಮಯ. ಆದರೆ ಪೂಜೆಯ ದಿನ ಯಂತ್ರಗಳನ್ನೆಲ್ಲ ಆಫ್ ಮಾಡಿ ಒರೆಸುವ ಪದ್ಧತಿ ಇದ್ದರೆ, ಸರ್ವರ್ ಓಡುತ್ತಿದೆ, ಮುಟ್ಟಬೇಡಿ ಎಂದು ಮೊದಲೇ ಹೇಳಿಡಿ. ಬೆಸ್ಕಾಂ ಆ ದಿನ ನಿಮ್ಮ ಏರಿಯಾದಲ್ಲಿ ಕರೆಂಟ್ ತೆಗೆಯುವ ಪ್ರಕಟಣೆ ಕೊಟ್ಟಿದೆಯೇ ಎಂದೂ ನೋಡಿ.

ಟ್ಯಾಲಿ ಡೇಟಾ ಕೂಡ ಹೀಗೇ ಸಾಗಿಸಬಹುದೇ?

ಎಲ್ಲರೂ ಟ್ಯಾಲಿ ಮುಚ್ಚಿದ ಮೇಲೆ ಸಾಗಿಸಬಹುದು. ತೆರೆದಿರುವಾಗ ತೆಗೆದ ಕಾಪಿಯನ್ನು ನಂಬಬೇಡಿ. ಮೊದಲು ಟ್ಯಾಲಿಯೊಳಗಿಂದಲೇ ಒಂದು ಬ್ಯಾಕಪ್ ತೆಗೆದಿಡಿ. ಡೇಟಾ ಪಾತ್ ಅನ್ನು ಪ್ರತಿ ಯಂತ್ರದಲ್ಲೂ ಹೊಸ ಸರ್ವರ್‌ಗೆ ತಿರುಗಿಸಬೇಕು. ಲೈಸೆನ್ಸ್ ಹಳೆ ಸರ್ವರ್‌ನಲ್ಲೇ ಇದ್ದರೆ ಅದನ್ನು ಅಲ್ಲಿ ಸರೆಂಡರ್ ಮಾಡಿ ಇಲ್ಲಿ ಆಕ್ಟಿವೇಟ್ ಮಾಡಬೇಕು. ಸರೆಂಡರ್ ಮಾಡುವ ಮೊದಲೇ ಹಳೆ ಯಂತ್ರವನ್ನು ಫಾರ್ಮ್ಯಾಟ್ ಮಾಡಬೇಡಿ.

ಕನ್ನಡದಲ್ಲಿ ಹೆಸರಿಟ್ಟ ಫೈಲುಗಳಿಗೆ ತೊಂದರೆಯೇ?

ವಿಂಡೋಸ್‌ನಿಂದ ವಿಂಡೋಸ್‌ಗೆ ತೊಂದರೆಯಿಲ್ಲ. ಆದರೆ /ಲಾಗ್ ಬದಲು /ಯುನಿಲಾಗ್ ಹಾಕದಿದ್ದರೆ ಲಾಗ್‌ನಲ್ಲಿ ಹೆಸರಿನ ಜಾಗದಲ್ಲಿ ಬರೀ ಪ್ರಶ್ನಾರ್ಥಕ ಚಿಹ್ನೆಗಳಿರುತ್ತವೆ, ಯಾವ ಫೈಲು ಉಳಿಯಿತು ಎಂದೇ ತಿಳಿಯುವುದಿಲ್ಲ. ಮೇಲಿನ ಕಮಾಂಡಿನಲ್ಲಿ ಅದನ್ನು ಹಾಕಿರುವುದು ಅದಕ್ಕೇ.

ಲಿನಕ್ಸ್‌ಗೆ ಹೋಗುವಾಗ ನಿಜವಾದ ತೊಡಕು ಇದೆ. ವಿಂಡೋಸ್ ಡಿಸ್ಕಿನ ಫೈಲ್ ವ್ಯವಸ್ಥೆಯಾದ ಎನ್‌ಟಿಎಫ್‌ಎಸ್‌ನಲ್ಲಿ ಒಂದು ಹೆಸರಿಗೆ 255 ಯೂನಿಕೋಡ್ ಘಟಕಗಳ ಮಿತಿ, ಕನ್ನಡದ ಒಂದೊಂದು ಚಿಹ್ನೆಯೂ ಒಂದು ಘಟಕ. ಲಿನಕ್ಸಿನ ಇಎಕ್ಸ್‌ಟಿ4ನಲ್ಲೂ ಮಿತಿ 255, ಆದರೆ ಬೈಟ್‌ಗಳಲ್ಲಿ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಚಿಹ್ನೆಗೂ 3 ಬೈಟ್ ಬೇಕು. ಅಂದರೆ 85 ಚಿಹ್ನೆಗೆ ಹೆಸರು ಮುಗಿಯಿತು. ಒತ್ತು, ಕಾಗುಣಿತದ ಚಿಹ್ನೆಗಳೆಲ್ಲ ಬೇರೆ ಬೇರೆ ಲೆಕ್ಕ: ‘ರಾಜ್ಯೋತ್ಸವ’ ಕಣ್ಣಿಗೆ ನಾಲ್ಕು ಅಕ್ಷರ, ಯೂನಿಕೋಡಿನಲ್ಲಿ 10 ಚಿಹ್ನೆ, ಡಿಸ್ಕಿನಲ್ಲಿ 30 ಬೈಟ್. ಪತ್ರದ ವಿಷಯವನ್ನೇ ಪೂರ್ತಿ ಫೈಲಿನ ಹೆಸರಾಗಿ ಇಡುವ ಕಚೇರಿಗಳಲ್ಲಿ ಈ ಮಿತಿ ಬೇಗ ಎದುರಾಗುತ್ತದೆ, ‘ಫೈಲ್ ನೇಮ್ ಟೂ ಲಾಂಗ್’ ಎಂದು ಆ ಫೈಲುಗಳು ಉಳಿದುಬಿಡುತ್ತವೆ. ಉದ್ದದ ಹೆಸರುಗಳನ್ನು ಮೊದಲೇ ಪಟ್ಟಿ ಮಾಡಿ, ಅವನ್ನು ಬಳಸುವವರಿಂದಲೇ ಚಿಕ್ಕದು ಮಾಡಿಸಿ.

ಲಿನಕ್ಸ್‌ನಿಂದ ಲಿನಕ್ಸ್‌ಗೆ?

ಲಿನಕ್ಸ್‌ನ ಕಾಪಿ ಕಮಾಂಡ್ ಆರ್‌ಸಿಂಕ್ ಅನ್ನು ರೂಟ್ (ಲಿನಕ್ಸ್‌ನ ಅಡ್ಮಿನ್) ಆಗಿ ಓಡಿಸಿ. ರೂಟ್ ಅಲ್ಲದವರು ಒಡೆತನ ಇಡಲಾಗದು. --ಆರ್ಕೈವ್ ಒಂದೇ ಸಾಲದು: --ಎಸಿಎಲ್ಸ್, --ಎಕ್ಸ್‌ಆಟರ್ಸ್, --ಹಾರ್ಡ್-ಲಿಂಕ್ಸ್ ಮೂರನ್ನೂ ಸೇರಿಸಬೇಕು. ಸಾಂಬಾ (ಲಿನಕ್ಸ್‌ನ ಫೋಲ್ಡರುಗಳನ್ನು ವಿಂಡೋಸ್ ಯಂತ್ರಗಳಿಗೆ ಶೇರ್ ಮಾಡುವ ತಂತ್ರಾಂಶ) ತನ್ನ ವಿಂಡೋಸ್ ರೀತಿಯ ಪರ್ಮಿಷನ್ನುಗಳನ್ನು ಎಕ್ಸ್‌ಟೆಂಡೆಡ್ ಆಟ್ರಿಬ್ಯೂಟ್‌ನಲ್ಲಿ ಇಡುವಂತೆ ಸೆಟ್ ಆಗಿದ್ದರೆ, --ಎಕ್ಸ್‌ಆಟರ್ಸ್ ಮರೆತವರಿಗೆ ಅವೆಲ್ಲ ಕೈತಪ್ಪುತ್ತವೆ. ಮೂಲದ ದಾರಿಯ ಕೊನೆಗೆ ಸ್ಲ್ಯಾಶ್ ಇದ್ದರೆ ಒಳಗಿನದಷ್ಟೇ ಹೋಗುತ್ತದೆ, ಇಲ್ಲದಿದ್ದರೆ ಫೋಲ್ಡರೂ ಹೋಗುತ್ತದೆ.

--ನ್ಯೂಮರಿಕ್-ಐಡೀಸ್ ಹಾಕಬೇಕೇ ಬೇಡವೇ ಎಂಬುದು ಯೋಚಿಸಬೇಕಾದ ಮಾತು. ಹಳೆ ಸರ್ವರ್‌ನಲ್ಲಿ 1001 ಎಂದರೆ ಅಕೌಂಟೆಂಟ್, ಹೊಸದರಲ್ಲಿ 1001 ಎಂದರೆ ಸ್ಟೋರ್ಸಿನವರು ಎಂದಿದ್ದರೆ, ಇದನ್ನು ಹಾಕಿದ ಕೂಡಲೇ ಅಕೌಂಟ್ಸ್ ಫೈಲುಗಳೆಲ್ಲ ಸ್ಟೋರ್ಸಿನವರ ಪಾಲಾಗುತ್ತವೆ. ಎರಡೂ ಕಡೆ ಹೆಸರು ಒಂದೇ, ಸಂಖ್ಯೆ ಬೇರೆ ಎಂದಾದರೆ ಹಾಕಬೇಡಿ, ಆರ್‌ಸಿಂಕ್ ಹೆಸರು ನೋಡಿಯೇ ಹೊಂದಿಸುತ್ತದೆ. ಸಂಖ್ಯೆಗಳು ಒಂದೇ ಇದ್ದರೆ, ಅಥವಾ ಯೂಸರ್‌ಗಳನ್ನು ಅದೇ ಸಂಖ್ಯೆಗಳೊಡನೆ ಆಮೇಲೆ ತರುವುದಿದ್ದರೆ ಹಾಕಿ.

ಯುಎಸ್‌ಬಿ ಹಾರ್ಡ್‌ಡಿಸ್ಕಿನಲ್ಲಿ ಹಾಕಿಕೊಂಡು ಹೋಗಬಹುದೇ?

ಡಿಸ್ಕ್ ಎನ್‌ಟಿಎಫ್‌ಎಸ್ ಆಗಿದ್ದು, ಎರಡೂ ಸಲ ರೋಬೋಕಾಪಿಯನ್ನು ಮೇಲಿನ /ಕಾಪಿ, /ಬಿ ಮುಂತಾದ ಆಯ್ಕೆಗಳೊಡನೆ ಓಡಿಸಿದರೆ ಹೋಗಬಹುದು. ಎಕ್ಸ್‌ಫ್ಯಾಟ್, ಫ್ಯಾಟ್32ಗಳಲ್ಲಿ ಪರ್ಮಿಷನ್ ಬರೆಯಲು ಜಾಗವೇ ಇಲ್ಲ.

ಹಳೆ ಸರ್ವರ್‌ನ ಹೆಸರನ್ನೇ ಉಳಿಸಿಕೊಳ್ಳಬೇಕೇ?

ಉಳಿಸಿಕೊಂಡರೆ ಒಳ್ಳೆಯದು. ಶಾರ್ಟ್‌ಕಟ್, ಎಕ್ಸೆಲ್‌ನೊಳಗಿನ ಲಿಂಕ್, ಸ್ಕ್ಯಾನರಿನ ಸೆಟ್ಟಿಂಗ್ ಎಲ್ಲದರಲ್ಲೂ ಹಳೆ ಹೆಸರೇ ಇರುತ್ತದೆ. ಡಿಎನ್‌ಎಸ್‌ನಲ್ಲಿ ಬರೀ ಒಂದು ಅಲಿಯಾಸ್ ಹಾಕಿದರೆ ಕೆಲವೊಮ್ಮೆ ಲಾಗಿನ್ ದೋಷ ಬರುತ್ತದೆ, ಆ ಹೆಸರಿಗೆ ಕರ್ಬರಾಸ್ (ಡೊಮೇನಿನಲ್ಲಿ ಲಾಗಿನ್ ಪರೀಕ್ಷಿಸುವ ವ್ಯವಸ್ಥೆ) ನೋಂದಣಿ ಇರುವುದಿಲ್ಲ. ಮೊದಲು ಹಳೆ ಸರ್ವರ್‌ಗೆ ಬೇರೆ ಹೆಸರಿಟ್ಟು, ಆಮೇಲೆ ಹೊಸದರಲ್ಲಿ ‘ನೆಟ್‌ಡೊಮ್ ಕಂಪ್ಯೂಟರ್‌ನೇಮ್’ ಕಮಾಂಡಿನ /ಆ್ಯಡ್ ಮೂಲಕ ಹಳೆ ಹೆಸರನ್ನು ಎರಡನೆಯ ಹೆಸರಾಗಿ ಸೇರಿಸಿ.

ವಿಂಡೋಸ್ ಸರ್ವರ್ 2019ರಿಂದ ‘ಸ್ಟೋರೇಜ್ ಮೈಗ್ರೇಷನ್ ಸರ್ವಿಸ್’ ಎಂಬ ಸೌಲಭ್ಯವಿದೆ. ವಿಂಡೋಸ್ ಅಡ್ಮಿನ್ ಸೆಂಟರ್‌ನಿಂದ ನಡೆಸಬೇಕು. ಫೈಲು, ಶೇರು, ಸ್ಥಳೀಯ ಗುಂಪುಗಳನ್ನು ಸಾಗಿಸಿ ಕೊನೆಗೆ ಹಳೆ ಸರ್ವರ್‌ನ ಹೆಸರು, ಐಪಿಯನ್ನೂ ಹೊಸದಕ್ಕೆ ಕೊಡುತ್ತದೆ. ಡೊಮೇನ್ ಇದ್ದು, ಶೇರುಗಳು ಹತ್ತಾರು ಇದ್ದರೆ ಕೈಯಿಂದ ಮಾಡುವುದಕ್ಕಿಂತ ಅದೇ ಮೇಲು.

ಸರಿಯಾಗಿ ಬಂದಿದೆ ಎಂದು ಪರೀಕ್ಷಿಸುವುದು ಹೇಗೆ?

ಅಡ್ಮಿನ್ ಆಗಿ ಲಾಗಿನ್ ಆಗಿ ನೋಡುವುದು ಪರೀಕ್ಷೆಯೇ ಅಲ್ಲ. ಪ್ರತಿ ವಿಭಾಗದಿಂದ ಒಬ್ಬರನ್ನು ಕೂರಿಸಿ, ಅವರದೇ ಲಾಗಿನ್‌ನಲ್ಲಿ ಮೂರು ಕೆಲಸ ಮಾಡಿಸಿ: ತಮ್ಮ ಫೋಲ್ಡರಿನಲ್ಲಿ ಫೈಲು ತೆರೆದು ಸೇವ್ ಮಾಡುವುದು, ಹೊಸ ಫೈಲು ಮಾಡಿ ಅಳಿಸುವುದು, ತಮಗೆ ಸೇರದ ಫೋಲ್ಡರು ತೆರೆಯಲು ನೋಡುವುದು. ಮೂರನೆಯದು ವಿಫಲವಾಗಲೇಬೇಕು. ಹೊಸ ಗುಂಪಿಗೆ ಈಗಷ್ಟೇ ಸೇರಿಸಿದವರು ಒಮ್ಮೆ ಲಾಗ್ ಆಫ್ ಆಗಿ ಬರದೆ ಪರ್ಮಿಷನ್ ಸಿಗುವುದಿಲ್ಲ.

ರೋಬೋಕಾಪಿಯ ಎಕ್ಸಿಟ್ ಕೋಡ್ (ಕೆಲಸ ಮುಗಿದಾಗ ಅದು ಕೊಡುವ ಸಂಖ್ಯೆ) 8 ಅಥವಾ ಹೆಚ್ಚಿದ್ದರೆ ಏನೋ ಸಾಗದೆ ಉಳಿದಿದೆ ಎಂದರ್ಥ. 1, 2, 3 ಬಂದರೆ ಗಾಬರಿ ಬೇಡ, ಅವು ದೋಷವಲ್ಲ. ಡೊಮೇನ್ ಗುಂಪುಗಳಾದರೆ ಎರಡೂ ಕಡೆ ಐಕ್ಯಾಕಲ್ಸ್ ಪಟ್ಟಿ ತೆಗೆದು ‘ಎಫ್‌ಸಿ /ಯು’ ಕಮಾಂಡಿನಿಂದ ಹೋಲಿಸಿ, ವ್ಯತ್ಯಾಸ ಕಂಡ ಫೋಲ್ಡರುಗಳನ್ನು ಕಣ್ಣಾರೆ ನೋಡಿ.

ಇದೇ ನೆಪದಲ್ಲಿ ಹಳೆ ಪರ್ಮಿಷನ್‌ಗಳನ್ನೂ ಸ್ವಚ್ಛ ಮಾಡಿಬಿಡೋಣವೇ?

ಅದೇ ದಿನ ಬೇಡ. ಸೋಮವಾರ ಒಬ್ಬರಿಗೆ ಫೋಲ್ಡರು ತೆರೆಯದಿದ್ದರೆ, ಸಾಗಿಸಿದ್ದರಲ್ಲಿ ತಪ್ಪಾಯಿತೋ ಸ್ವಚ್ಛ ಮಾಡಿದ್ದರಲ್ಲೋ ಎಂದು ಹೇಳಲಾಗದು. ಇದ್ದಂತೆಯೇ ಸಾಗಿಸಿ, ಎರಡು ವಾರ ಓಡಲಿ. ಆಮೇಲೆ ಒಂದೊಂದೇ ಫೋಲ್ಡರು ಹಿಡಿದು, ವ್ಯಕ್ತಿಗಳ ಹೆಸರಿಗೆ ಕೊಟ್ಟಿರುವ ಪರ್ಮಿಷನ್ನುಗಳನ್ನು ಗುಂಪಿಗೆ ಬದಲಿಸಿ. ಕೆಲಸ ಬಿಟ್ಟು ಹೋದವರ ಸಾಲುಗಳನ್ನೂ ಆಗಲೇ ತೆಗೆಯಿರಿ.

ಹಳೆ ಸರ್ವರನ್ನು ಯಾವಾಗ ಎತ್ತಿಡಬಹುದು?

ಒಂದು ಪೂರ್ತಿ ತಿಂಗಳ ಅಕೌಂಟ್ಸ್ ಚಕ್ರ ಮುಗಿಯುವವರೆಗೆ ಡೇಟಾ ಹಾಗೇ ಇರಲಿ. ಶೇರುಗಳನ್ನು ತೆಗೆದುಹಾಕಿ, ಇಲ್ಲದಿದ್ದರೆ ಯಾರೋ ಒಬ್ಬರು ಹಳೆ ಜಾಗದಲ್ಲೇ ಸೇವ್ ಮಾಡುತ್ತಿರುತ್ತಾರೆ. ಡಿಸ್ಕುಗಳನ್ನು ಗುಜರಿಗೆ ಹಾಕುವ ಮುನ್ನ ಪೂರ್ತಿ ಅಳಿಸಿ. ಬೇರೆ ಯಂತ್ರಕ್ಕೆ ಸಿಕ್ಕಿಸಿ ಅಡ್ಮಿನ್ ಆಗಿ ತೆರೆದವರನ್ನು ಪರ್ಮಿಷನ್ ತಡೆಯುವುದಿಲ್ಲ.